ಜಾಲಿ ತೊಗಟೆಯಲ್ಲಿ ಬೆಂದ ಉರುಳು

ಜಾಲಿ ತೊಗಟೆ ಕುದಿಯುವ ಒಗರು ವಾಸನೆ ಎಂದರೆ ನನಗೆ ಈಗಲೂ ಅಪ್ಪ. ನರಿ ಹಿಡಿಯುವ ತಂತಿಯ ಉರುಳುಗಳನ್ನು ಅವರು ಆ ನೀರಿನಲ್ಲಿ ಬೇಯಿಸಿ ಕಬ್ಬಿಣದ ವಾಸನೆ ಕಳೆಯುತ್ತಿದ್ದರು.

ಹೋದ ತಿಂಗಳು ಉಯ್ಯಂಬಳ್ಳಿಗೆ ಹೋದಾಗ ತಮ್ಮ ಬೋರಲಿಂಗಯ್ಯ ಅದನ್ನೇ ಮಾಡುತ್ತಿದ್ದ. ನರಿಯೊಂದು ಅವನ ಎರಡು ಕುರಿಮರಿ ಹೊತ್ತೊಯ್ದಿತ್ತು, ಐದು ಉಳಿದಿದ್ದವು.

"ಅದು ಬಾಣಂತಿ ನರಿ ಕಣಿ. ಪೊದೆ ಒಳಗೆ ಮರಿ ಅವೆ," ಎಂದಳು ಅವನ ಹೆಂಡತಿ ಚಿಕ್ಕತಾಯಮ್ಮ. ನರಿ ಹಿಡಿಯುವುದು ಕಾನೂನಿಗೂ ತಪ್ಪು ಎಂದೆ ನಾನು.

"ಹಂಗಾರೆ ಇಬ್ರೂ ಹೋಗಿ ಅದಕ್ಕೆ ತೊಟ್ಲು ಕಟ್ಟಿ! ನನ್ ಮರಿ ಕಾಯೋರ್ ಯಾರು?" ಎಂದು ತಮ್ಮ ರೇಗಿದ. ಬೆಂದ ಉರುಳುಗಳನ್ನು ಕೋಲಿನಿಂದ ಎತ್ತಿ ಬೇವಿನ ಕೊಂಬೆಗೆ ತೂಗುಹಾಕಿದ. "ಯಾರೂ ಮುಟ್ಬ್ಯಾಡಿ. ಮನುಷ್ಯರ ವಾಸ್ನೆ ಹತ್ತಿದ್ರೆ ನರಿ ಹತ್ರಕ್ಕೇ ಬರಾಕಿಲ್ಲ."

ಸಂಜೆ ಅವನ್ನು ಕುರಿ ರೊಪ್ಪದ ಸುತ್ತ ಕಟ್ಟಿದ. ನಾಲ್ಕು ದಿನವಾದರೂ ನರಿ ಬೀಳಲಿಲ್ಲ, ಮರಿಯೂ ಹೋಗಲಿಲ್ಲ. ಐದನೆಯ ಬೆಳಿಗ್ಗೆ ಬೋರಲಿಂಗಯ್ಯ ಒಂದು ಉರುಳನ್ನು ಬಿಚ್ಚಿ ಮೂಸಿ ನೋಡಿ, ನನ್ನ ಕೈಗೂ ಕೊಟ್ಟ. ಹರಳೆಣ್ಣೆ! ಚಿಕ್ಕತಾಯಮ್ಮ ತನ್ನ ತಲೆಯೆಣ್ಣೆಯನ್ನು ಅಷ್ಟೂ ತಂತಿಗೆ ಸವರಿದ್ದಳು.

ಅವಳು ಹೊಸ್ತಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಬೈಗುಳ ಬರುತ್ತದೆಂದು ನಾನೂ ಕಾದೆ. ಅವನು ರೊಪ್ಪದೊಳಗೆ ಜಿಗಿಯುತ್ತಿದ್ದ ಐದು ಮರಿಗಳನ್ನು ನೋಡುತ್ತ ನಿಂತ. ಆಮೇಲೆ ಒಂದೊಂದೇ ಕುಣಿಕೆ ಬಿಚ್ಚಿ, ತಂತಿಯನ್ನು ನೆಟ್ಟಗೆ ಮಾಡಿ ಬೇಲಿಗೆ ಸುತ್ತಿದ.

"ವಾಸ್ನೆ ಕಮ್ಮಿಯಾಗೈತೆ. ಸಂಜಿಕೆ ಒಸಿ ಜಾಸ್ತಿ ಸವರಮ್ಮಿ," ಎಂದ.

ಕೈ ತೊಳೆದು ಒಳಗೆ ಹೋದವನು ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿಕೊಂಡು ಬಂದು, ದಿನವೂ ಎಲ್ಲರ ನಂತರ ಉಣ್ಣುವ ಹೆಂಡತಿಯ ಕೈಗೆ ತಟ್ಟೆಯನ್ನು ಕೊಟ್ಟ.