ಆಯ್ತು ಅನ್ನುವ ಹಕ್ಕು

ಎದುರಿಗೆ ಏನೋ ಬೆಳ್ಳಗೆ ಬಂದು ನಿಂತಿತು, ಕಾಗದವೋ, ಕಾಫಿ ತಟ್ಟೆಯೋ, ವಕೀಲರ ಅಂಗೈಯೋ — ಕದಿರಪ್ಪ ಕೈ ಚಾಚಲಿಲ್ಲ, ಚಾಚಿ ಕಾಫಿಯೊಳಗೆ ಬೆರಳು ಅದ್ದಿಬಿಟ್ಟರೆ ಎರಡು ವರ್ಷ ಕಾಪಾಡಿಕೊಂಡು ಬಂದ ಮಾನ ಯಶವಂತಪುರದ ಈ ಮಹಡಿಯ ಮೇಲೇ ಹರಾಜಾಗುತ್ತದೆ, ಸುಮ್ಮನೆ ಕೂತು ಕೆಮ್ಮಿದ, ಬೆಳ್ಳಗಿನದು ಸರಸರ ಸದ್ದು ಮಾಡುತ್ತ ಹತ್ತಿರ ಸರಿಯಿತು, ಕಾಗದವೇ ಸರಿ. ಒಂದ್ಸಲ ಓದ್ಕೊಂಡ್ಬಿಡಿ ಕದಿರಪ್ಪನವ್ರೇ, ನಿಮ್ಮ ಷೇರೆಲ್ಲ ಸರ್ದಾರ್ ಹೆಸರಿಗೆ ಹೋಗುತ್ತೆ, ಆಮೇಲೆ ಕಾರ್ಖಾನೆ ಮೇಲೆ ನಿಮ್ಮ ಮಾತು ನಡೆಯಲ್ಲ, ಎಂದರು ವಕೀಲ ವೆಂಕಟರಾಮಯ್ಯ. ಓದುವುದಂತೆ. ಕಾಗದವನ್ನು ಎತ್ತಿ ಹಿಡಿದು ತುಟಿ ಅಲುಗಿಸಿದ, ಒಂದು ಪುಟಕ್ಕೆ ಎಷ್ಟು ಹೊತ್ತು ಹಿಡಿದೀತು, ನೂರು ಎಣಿಸಿದರೆ ಸಾಕೇ, ಓದು ಬಲ್ಲವನು ಇನ್ನೂ ಬೇಗ ಮುಗಿಸುತ್ತಾನೇನೋ, ಎಂಬತ್ತಕ್ಕೇ ಪುಟ ತಿರುಗಿಸಿದ. ನಡುವೆ ಕಪ್ಪು ಹೊಗೆ, ಅಂಚಿನಲ್ಲಿ ಮಾತ್ರ ಸ್ವಲ್ಪ ಬೆಳಕು, ಅಷ್ಟೇ ಈಗ ಅವನ ಕಣ್ಣು. ಪೊರೆಯಾಗಿದ್ರೆ ತೆಗೆದು ಹಾಕ್ತಿದ್ದೆ, ಇದು ಒಳಗಡೆ ಹೋಗಿದೆ, ಬೆಂಕಿ ನೋಡೋ ಕೆಲಸವಾ ನಿಮ್ದು, ಅಂದಿದ್ದರು ಡಾಕ್ಟರು. ಹೆಂಡತಿ ಮುನಿನಾರಾಯಣಮ್ಮನಿಗೆ ಬಿಟ್ಟರೆ ಯಾರಿಗೂ ತಿಳಿಸಿಲ್ಲ. ಕಂಪನಿ ಬಿಟ್ಟುಕೊಡುತ್ತಿರುವುದು ಮಂಡಿ ನೋವಿಗೆ ಅಂತ ಊರಿಗೆಲ್ಲ ಹೇಳಿಯಾಗಿದೆ, ಹೇಳಿದ್ದಕ್ಕೆ ತಕ್ಕ ಹಾಗೆ ಕುಂಟಲೂ ಬೇಕಲ್ಲ, ಬೆಳಿಗ್ಗೆ ಬಲಗಾಲು ಕುಂಟಿದರೆ ಸಂಜೆ ಮರೆತು ಎಡಗಾಲು. ಯಾವ್ದಾದ್ರೂ ಒಂದು ಕಾಲು ಗೊತ್ ಮಾಡ್ಕಳಿ, ಜನ ನೋಡ್ತಾರೆ ಅಂತಾಳೆ ಅವಳು, ನಗುತ್ತಲೇ ಅನ್ನುತ್ತಾಳೆ, ಆಮೇಲೆ ಒಳಗೆ ಹೋಗಿ ಬೆಳಗಿದ ಪಾತ್ರೆಯನ್ನೇ ಮತ್ತೆ ಬೆಳಗುತ್ತಾಳೆ.

ಪಕ್ಕದ ಕುರ್ಚಿ ಕಿರುಗುಟ್ಟಿತು, ಅಲ್ಲಿ ಸರ್ದಾರ್ ಇದ್ದಾನೆ, ಒಗೆದ ಅಂಗಿಯ ವಾಸನೆ, ಅದರೊಳಗಿಂದ ಇನ್ನೂ ಹೋಗದ ಸುಟ್ಟಗಾಯದ ಮುಲಾಮಿನ ವಾಸನೆ. ಲಾಳ ಕಟ್ಟುವವನ ಮಗ, ನಲವತ್ತೊಂಬತ್ತರಲ್ಲಿ ಕೆಲಸ ಕೇಳಿಕೊಂಡು ಬಂದಾಗ ಮೀಸೆ ಚಿಗುರುತ್ತಿತ್ತು, ಮರಳಿನಲ್ಲಿ ಅಚ್ಚು ಮಾಡುವ ಕೈ ಅವನದು, ಆ ಕೈ ಸವರಿದ ಮರಳಿನ ಮೇಲೆ ಇರುವೆ ಜಾರೀತು. ಹುಣಸಮಾರನಹಳ್ಳಿಯ ಜಮೀನು ಮಾರಿ ರೈಲ್ವೆ ಗೇಟಿನ ಆಚೆ ಕದಿರಪ್ಪ ಹಾಕಿದ ತಗಡಿನ ಷೆಡ್ಡು, ಒಂದು ಕುಲುಮೆ, ನೀರಿನ ಪಂಪಿಗೆ ಬೇಕಾದ ಎರಕದ ಸಾಮಾನು, ಐವತ್ತೇಳರಲ್ಲಿ ಕಂಪನಿ ಅಂತ ಬೋರ್ಡು ಹಾಕಿದಾಗ ಇವನಿಗೂ ಪಾಲು ಕೊಟ್ಟ, ಹತ್ತರಲ್ಲಿ ಒಂದು. ಒಂಬತ್ತು ಕದಿರಪ್ಪನದು. ಷೇರು ಒಂಬತ್ತು, ಆದರೆ ಒಂದು ಮಾತು ಮಾತ್ರ ಪೂರ್ತಿ ಅವನದೇ — ಆಯ್ತು ಅನ್ನುವುದು. ಕರಗಿದ ಕಬ್ಬಿಣ ಹಿಡಿಯುವ ಸೌಟಿಗೆ ದಿನಾ ಬೆಳಿಗ್ಗೆ ಒಳಗಡೆ ಜೇಡಿಮಣ್ಣು ಮೆತ್ತಿ ಇದ್ದಿಲ ಮೇಲೆ ಒಣಗಿಸುತ್ತಾರೆ, ಒಣಗಿದ ಮಣ್ಣು ಬೆಳ್ಳಗಾಗುತ್ತದೆ, ಹಸಿ ಉಳಿದ ಕಡೆ ಕಪ್ಪು ನಿಲ್ಲುತ್ತದೆ, ಹಸಿಯ ಮೇಲೆ ಬಿದ್ದ ಕಬ್ಬಿಣ ತಿರುಗಿ ಮುಖಕ್ಕೇ ಸಿಡಿಯುತ್ತದೆ. ಕದಿರಪ್ಪ ಬಗ್ಗಿ ನೋಡಿ ಆಯ್ತು ಅನ್ನಬೇಕು, ಅವನು ಅಂದ ಮೇಲೆ ಇನ್ನೊಬ್ಬ ಇಣುಕಬಾರದು, ಇಣುಕಿದರೆ ಎರಕ ಕೆಡುತ್ತದೆ ಅಂತ ಅವನ ಗುರು ಹೇಳಿದ್ದರು, ಅಥವಾ ಹೇಳಿರಲಿಲ್ಲವೋ, ತನ್ನ ಗತ್ತಿಗೆ ತಾನೇ ಕಟ್ಟಿಕೊಂಡದ್ದೋ, ಈಗ ಯಾರಿಗೆ ನೆನಪು. ಸೌಟು ಹಿಡಿಯುವ ಲಕ್ಕಣ್ಣ ಬಂದ ಹೊಸತರಲ್ಲಿ ಒಮ್ಮೆ ಇಣುಕಿದ್ದ, ನನ್ ಕಣ್ಣಿಗಿಂತ ನಿನ್ ಕಣ್ಣು ದೊಡ್ದೇನಲೇ ಎಂದು ಎಲ್ಲರೆದುರಿಗೆ ಬೈದು ಮನೆಗೆ ಅಟ್ಟಿದ್ದ, ಆಗ ಎಷ್ಟು ಹಿತವಾಗಿತ್ತು. ಮೂರು ತಿಂಗಳ ಹಿಂದೆ ಅದೇ ಕಣ್ಣಿನಿಂದ ಸೌಟಿನೊಳಗೆ ನೋಡಿದ, ಹೊಗೆ ಕಂಡಿತು, ಅಂಚಿನಲ್ಲಿ ಬಿಳುಪು ಕಂಡಿತು, ದಿನಾ ಒಣಗುವುದು ಇವತ್ತು ಒಣಗದೆ ಏನು ಎಂದುಕೊಂಡು ಆಯ್ತು ಅಂದ. ಸಿಡಿಯಿತು. ಕಿವಿಗೆ ಬಿದ್ದದ್ದು ಸರ್ದಾರನ ದನಿ, ಬಲಗೈ ಮೊಣಕೈವರೆಗೆ ಬೆಂದಿತ್ತು, ಈಗ ವಾಸಿಯಾಗಿದೆ ಅನ್ನುತ್ತಾರೆ, ಎರಡು ಬೆರಳು ಅಂಟಿಕೊಂಡು ವಾಸಿಯಾಗಿವೆ. ಆಸ್ಪತ್ರೆಯಲ್ಲಿ ಕೇಳಿದವರಿಗೆ, ನಾನೇ ಎಡವಿದೆ, ಅಣ್ಣ ಏನ್ ಮಾಡ್ತಾರೆ ಅಂದ, ಆ ಅಣ್ಣ, ಕದಿರಪ್ಪ, ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡು ಒಂದು ಮಾತೂ ಆಡದೆ ಮನೆಗೆ ಬಂದ. ಅದಕ್ಕೇ ಈ ಕಾಗದ. ಕೈ ಕಳೆದುಕೊಂಡವನಿಗೆ ಕಂಪನಿ ಕೊಟ್ಟರೆ ನಿಜ ಹೇಳಿದ ಹಾಗಾಗುತ್ತದೆಯೇ, ಇಲ್ಲ, ಗೊತ್ತು, ಆದರೂ ಬಾಯಿ ತೆರೆಯುವುದಕ್ಕಿಂತ ಬರೆದುಕೊಡುವುದೇ ಸುಲಭವಾಗಿ ಕಂಡಿತು.

ಇನ್ನೊಂದು ವಿಷಯ, ವಕೀಲರು ಅನ್ನುತ್ತಿದ್ದಾರೆ, ಕಾನೂನಿನ ಪ್ರಕಾರ ಕಂಪನಿಗೆ ಇಬ್ಬರಾದ್ರೂ ಇರ್ಬೇಕು, ಒಬ್ಬನದೇ ಆಗಲ್ಲ, ಒಂದು ಷೇರು ನಿನ್ನ ಹೆಂಡ್ತಿ ಜೈಬುನ್ನೀಸಾ ಹೆಸರಿಗೆ ಬರೀಲೇನಪ್ಪ ಸರ್ದಾರ್. ಬ್ಯಾಡ ಸಾರ್, ಅದು ಅಣ್ಣನ ಹೆಸರಲ್ಲೇ ಇರ್ಲಿ, ಅಂದ ಸರ್ದಾರ್. ಯಾಕೆ, ನನ್ನದೇನಿದೆ ಇನ್ನು, ಬಿಟ್ಟುಬಿಡೋ ಮಾರಾಯ, ಪೂರ್ತಿ ಕಳಚಿಕೊಂಡು ಹೋಗುತ್ತೇನೆ, ಎನ್ನಬೇಕೆಂದುಕೊಂಡ, ಗಂಟಲಿನಿಂದ ಬಂದದ್ದು ಹೂಂ ಅನ್ನುವುದೊಂದೇ. ಸರಿ ಹಾಗಾದ್ರೆ, ಒಂದು ಷೇರು ಬಿಟ್ಟು ತಿದ್ದಿದೀನಿ, ಇಲ್ಲೊಂದು, ಕೆಳಗಡೆ ಇನ್ನೊಂದು ಸಹಿ, ವಕೀಲರು ಪೆನ್ನು ಕೊಟ್ಟು ಗುಮಾಸ್ತನನ್ನು ಕೂಗುತ್ತ ಬಾಗಿಲ ಕಡೆ ಎದ್ದು ಹೋದರು. ಸಹಿಗೆ ಮನೆಯಲ್ಲಿ ಅಭ್ಯಾಸ ಮಾಡಿ ಬಂದಿದ್ದ, ಹಳೆ ಕ್ಯಾಲೆಂಡರಿನ ಹಿಂದುಗಡೆ, ಕೆಳಗಿನ ಅಂಚಿನಿಂದ ನಾಲ್ಕು ಬೆರಳು ಮೇಲೆ, ಆದರೆ ಈ ಕಾಗದ ಕ್ಯಾಲೆಂಡರಲ್ಲ, ಮುಗಿಯುವುದೇ ಇಲ್ಲ, ಅಂಚು ಎಲ್ಲಿ, ಬೆರಳು ಇಟ್ಟರೆ ತಡಕಾಡಿದ ಹಾಗೆ ಕಾಣುತ್ತದೆ, ಇಡದಿದ್ದರೆ ಗೀಟು ಯಾವುದು, ಪೆನ್ನು ಗಾಳಿಯಲ್ಲಿ ನಿಂತಿದೆ, ಬೆವರು, ಕೆಳಗೆ ಗೂಡ್ಸ್ ರೈಲು ಹೋಗುತ್ತಿದೆ, ಹೋಗಲಿ, ಇನ್ನಷ್ಟು ಡಬ್ಬಿ ಇರಲಿ ಅದಕ್ಕೆ. ಆಗ ಪಕ್ಕದಿಂದ ಒಂದು ಕೈ ಬಂದು ಅವನ ಕೈಯನ್ನು ಹಿಡಿದುಕೊಂಡಿತು, ಬಿರುಸು ಚರ್ಮ, ಅಂಟಿದ ಎರಡು ಬೆರಳು, ಮೆಲ್ಲಗೆ ಒಂದು ಕಡೆಗೆ ಒಯ್ದು ಇಳಿಸಿತು. ಇಲ್ಲಿ ಅಣ್ಣಾ. ವಕೀಲರಿಗೆ ಕೇಳಿಸದಷ್ಟು ಸಣ್ಣ ದನಿ. ಬರೀರಿ, ಗೀಟಿನ ಮೇಲೇ ಐತೆ. ಬರೆದ. ಕೈ ಇನ್ನೂ ಕೆಳಕ್ಕೆ ಒಯ್ದಿತು. ಇಲ್ಲೊಂದು. ಬರೆದ.

ಗೊತ್ತು ಇವನಿಗೆ. ಯಾವತ್ತಿನಿಂದ ಗೊತ್ತು, ಕುಂಟುವ ಕಾಲು ಬದಲಾದಾಗಿನಿಂದಲೋ, ಇಲ್ಲ, ಅದಕ್ಕೂ ಮೊದಲೇ, ನಿನ್ನೆ ಮೊನ್ನೆ ತಿಳಿದವನ ಕೈಯಲ್ಲ ಇದು, ರೂಢಿಯಾದ ಕೈ, ಷೆಡ್ಡಿನ ದಾರಿಯಲ್ಲಿ ಬಿದ್ದಿರುತ್ತಿದ್ದ ಸಾಮಾನೆಲ್ಲ ಹೋದ ವರ್ಷದಿಂದ ಗೋಡೆಗೆ ಒರಗಿರುತ್ತಿದ್ದವು, ಯಾರು ಎತ್ತಿಡುತ್ತಿದ್ದರು — ಹಾಗಾದರೆ ಆ ದಿನವೂ ಗೊತ್ತಿತ್ತು. ಆ ದಿನ. ಆಯ್ತು ಅಂದ ಮೇಲೆ, ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಕೇಳದ ಸರ್ದಾರ್ ಕೇಳಿದ್ದ, ಆಯ್ತಾ ಅಣ್ಣಾ. ಆಯ್ತು ಅಂದ್ನಲ್ಲಪ್ಪ, ಎಷ್ಟ್ ಸಲ ಹೇಳ್ಬೇಕು. ಇಣುಕಿದ್ದಾನೆ, ಸೌಟಿನೊಳಗೆ ಕಪ್ಪು ಕಂಡಿದ್ದಾನೆ, ಆರು ಜನರ ಎದುರಿಗೆ ಇಲ್ಲ ಅಣ್ಣಾ ಹಸಿ ಐತೆ ಅನ್ನಬಹುದಿತ್ತು, ಅನ್ನಲಿಲ್ಲ, ಯಾಕೆ ಅನ್ನಲಿಲ್ಲ, ಅನ್ನಬೇಕಿತ್ತು ಕಣೋ, ನನ್ನ ಮಾನ ಹೋದರೆ ಹೋಗುತ್ತಿತ್ತು, ಅಂದ್ಬಿಡಬೇಕಿತ್ತು. ಸೌಟು ಲಕ್ಕಣ್ಣನ ಕೈಯಲ್ಲಿತ್ತು. ಅದು ಲಕ್ಕಣ್ಣನ ಕೆಲಸ, ಅಚ್ಚಿನವನು ಸೌಟು ಮುಟ್ಟುವುದಿಲ್ಲ, ಎಂದೂ ಮುಟ್ಟಿದ್ದಿಲ್ಲ. ನೀನ್ ಆ ಕಡೆ ಹೋಗು ಲಕ್ಕಣ್ಣ, ನಾನ್ ಹಿಡೀತೀನಿ. ಏನೋ ಅವಸರ ಅಂದುಕೊಂಡಿದ್ದ ಕದಿರಪ್ಪ. ವಕೀಲರು ವಾಪಸು ಬಂದು ಏನೋ ಕೇಳುತ್ತಿದ್ದಾರೆ, ಕಾಫಿ ಆರ್ತಾ ಇದೆ ಅಂತಲೋ, ಅಂಚೆಯಲ್ಲಿ ಕಳಿಸ್ತೀನಿ ಅಂತಲೋ, ಕದಿರಪ್ಪನಿಗೆ ಅದು ಯಾವುದೂ ಬೇಕಿಲ್ಲ, ಅವನು ನೋಡುತ್ತಿದ್ದಾನೆ, ಹೊಗೆಯಿಲ್ಲದೆ, ಅಂಚಿನಿಂದ ಅಂಚಿಗೆ ಸ್ಪಷ್ಟವಾಗಿ ನೋಡುತ್ತಿದ್ದಾನೆ — ಲಕ್ಕಣ್ಣನ ಕೈಯಿಂದ ಸೌಟಿನ ಹಿಡಿ ತೆಗೆದುಕೊಳ್ಳುತ್ತಿರುವ ಎರಡು ಕೈ, ಹತ್ತು ಬೆರಳೂ ಬೇರೆ ಬೇರೆ, ಉಗುರಿನಲ್ಲಿ ಮರಳು, ತೆಗೆದುಕೊಂಡವು, ಮತ್ತೆ ಲಕ್ಕಣ್ಣನ ಕೈಯಿಂದ ತೆಗೆದುಕೊಳ್ಳುತ್ತಿವೆ, ಎರಡು ಕೈ, ಮತ್ತೆ ತೆಗೆದುಕೊಳ್ಳುತ್ತಿವೆ