ನಳಿಗೆಯೊಳಗಿನ ಬಿಗಿ

ಬಂದೂಕಿನ ನಳಿಗೆಯೊಳಗೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದು ಕೈಗೆ ಗೊತ್ತಾಗಬೇಕು. ಸರಳನ್ನು ನಳಿಗೆಯೊಳಗೆ ತೂರಿಸಿ ತುದಿಗೆ ಸೀಸ ಹೊಯ್ದರೆ ಅದು ನಳಿಗೆಯ ಗೀರುಗಳ ಅಚ್ಚನ್ನೇ ತಳೆಯುತ್ತದೆ. ಅದಕ್ಕೆ ಎಣ್ಣೆ, ಉಜ್ಜುಪುಡಿ ಸವರಿ ಹಿಂದೆ ಮುಂದೆ ಎಳೆಯಬೇಕು. ಬಿಗಿ ಇರುವಲ್ಲಿ ಸರಳು ತಡೆಯುತ್ತದೆ. ತಡೆ ಹೋಯಿತೋ, ಅಲ್ಲಿಗೆ ಕೈ ಎತ್ತಬೇಕು. ಆಮೇಲೆ ಗುಂಡು ನೆಟ್ಟಗೆ ಹೋಗುತ್ತದೆ, ಒಳಗೆ ಮಸಿ ಕಟ್ಟುವುದೂ ಕಡಿಮೆ. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ಮಾತ್ರ ದೇವರೇ ಇಳಿದು ಬಂದರೂ ಹೋದ ಉಕ್ಕನ್ನು ವಾಪಸ್ ಅಂಟಿಸಲಾರ.

ಇದನ್ನೆಲ್ಲ ಅಣ್ಣ ವರ್ಷಗಟ್ಟಲೆ ಹೇಳುತ್ತಿದ್ದನೇ ಹೊರತು ತಮ್ಮನ ಕೈಗೆ ಸರಳು ಕೊಟ್ಟವನಲ್ಲ. ಸೀಸ ಕಾಯಿಸು, ನಳಿಗೆ ಕಚ್ಚಿ ಹಿಡಿಯುವ ವೈಸ್ ಬಿಗಿ ಮಾಡು, ನೆಲ ಗುಡಿಸು, ಇಷ್ಟೇ. ಗಡ್ಡದಲ್ಲಿ ಬಿಳಿ ಇಣುಕುತ್ತಿದ್ದರೂ ಅಂಗಡಿಗೆ ಬಂದವರಿಗೆಲ್ಲ ಅವನು ‘ಚಿಕ್ಕವನು’. ಕೋಪ ಮೂಗಿನ ತುದಿಯಲ್ಲೇ ಇದ್ದುದರಿಂದ ಅತ್ತಿಗೆಗೆ ‘ಮೆಣಸಿನಕಾಯಿ’. ಅವನಿಗೆ ಬೇಕಿದ್ದುದು ಒಂದೇ: ಒಂದು ನಳಿಗೆಯನ್ನಾದರೂ ತಾನೇ ಉಜ್ಜಿ, ಇದು ಚಿಕ್ಕವನ ಕೆಲಸ ಅಂತ ನಾಲ್ಕು ಜನರಿಂದ ಅನ್ನಿಸಿಕೊಳ್ಳುವುದು.

ಶೂಟಿಂಗ್ ಕ್ಲಬ್ಬಿನ ಕೋಚ್ ತನ್ನ ಶಿಷ್ಯೆಯ ಬಂದೂಕು ತಂದುಕೊಟ್ಟಿದ್ದ. ಅಣ್ಣ ಬೆಳಿಗ್ಗೆಯಿಂದ ಉಜ್ಜುತ್ತಲೇ ಇದ್ದ. ಅತ್ತಿಗೆ ಊಟಕ್ಕೆ ಕರೆದು ಕರೆದು, ನಳಿಗೆಯನ್ನೇ ತಿನ್ನಲಿ ಬಿಡು ಅಂದು ಒಳಗೆ ಹೋದಳು. ಸಾಕೇನೋ ಅಂತ ತಮ್ಮ ಹೇಳಿದರೆ, ನಡುವೆ ಇನ್ನೂ ಹಿಡಿಯುತ್ತಿದೆ ಅಂತ ಅಣ್ಣ ಗದರಿದ.

ಅಣ್ಣ ಮುಖ ತೊಳೆಯಲು ಎದ್ದಾಗ ತಮ್ಮ ಸರಳು ಹಿಡಿದು ಎಳೆದ. ಬೆಣ್ಣೆಯಿಂದ ಕೂದಲು ಎಳೆದಂತೆ ಬಂತು. ತಡೆ ಎಲ್ಲೂ ಇರಲಿಲ್ಲ. ಹಿತ್ತಲಲ್ಲಿ ನೋಡಿದರೆ ಅಣ್ಣ ಎಡಗೈಯಲ್ಲೇ ನೀರು ಎರಚಿಕೊಳ್ಳುತ್ತಿದ್ದ. ಬಲಗೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು.

“ಹಿಡೀತಿರೋದು ನಳಿಗೆ ಅಲ್ಲ ಕಣಣ್ಣ, ನಿನ್ನ ಭುಜ.”

ಅಣ್ಣ ಎಡಗೈಯಿಂದಲೇ ಮುಖ ಒರೆಸಿಕೊಂಡ. ನಿಮ್ಮತ್ತಿಗೆಗೂ ಹೇಳಬೇಡ ಅಂದ. ಕೈ ಹೋಗಿದೆ ಅಂತ ಸುದ್ದಿಯಾದರೆ ಈ ಅಂಗಡಿಯನ್ನು ನಾಯಿಯೂ ಮೂಸುವುದಿಲ್ಲ ಅಂದ.

ಬಂದೂಕು ಹಾಗೆಯೇ ಕ್ಲಬ್ಬಿಗೆ ವಾಪಸ್ ಹೋಯಿತು. ಗುರಿಹಲಗೆಯ ಮೇಲೆ ಗುಂಡುಗಳು ಚೆಲ್ಲಿದ ಸಾಸಿವೆಯಂತೆ ಬಿದ್ದವಂತೆ. ಕೋಚ್ ಸಿಡಿಮಿಡಿಗುಟ್ಟುತ್ತ ಬಂದು, ಇದನ್ನು ಉಜ್ಜಿದ್ದು ಯಾರು ಅಂತ ಕೇಳಿದ.

ಅಣ್ಣ ವೈಸ್ ಕಡೆ ನೋಡುತ್ತ, “ನಾನು ಆಕಡೆ ಹೋಗಿದ್ದೆ ಸಾರ್. ಚಿಕ್ಕವನು ಕೈ ಹಾಕಿಬಿಟ್ಟ,” ಅಂದ.

ಪೂರ್ತಿ ಸುಳ್ಳೂ ಅಲ್ಲ. ಅದೇ ತಮ್ಮನ ಹೊಟ್ಟೆಗೆ ಬೆಂಕಿ ಇಟ್ಟಿದ್ದು. ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಅವಳ ಮುಖ ನೋಡಿ ಮಾತು ನುಂಗಿಕೊಂಡ.

ಕೋಚ್ ಹೋದ ಮೇಲೆ, ಮುಂದಿನದನ್ನು ನೀನೇ ಉಜ್ಜು, ನಾನು ಪಕ್ಕದಲ್ಲಿ ಕೂತಿರುತ್ತೇನೆ ಅಂತ ಅಣ್ಣ ಸಮಾಧಾನ ಮಾಡಿದ.

“ಯಾರದನ್ನ ಉಜ್ಜಲಿ? ನನ್ನ ಕೈಗೆ ಇನ್ಯಾರು ಕೊಡ್ತಾರೆ?”

ಅಣ್ಣ ಎಡಗೈಯಲ್ಲಿ ಪೊರಕೆ ಹಿಡಿದು ತಾನೇ ನೆಲ ಗುಡಿಸತೊಡಗಿದ.

ಮುಂದಿನ ವಾರ ಕೋಚ್ ಅದೇ ಹುಡುಗಿಗೆಂದು ಹೊಸ ನಳಿಗೆ ತಂದ. ಆಯ್ಕೆಯ ಪಂದ್ಯ ಹತ್ತಿರವಿದೆ, ಚಿಕ್ಕವನು ಇದರ ಗಾಳಿಗೂ ಬರಬಾರದು ಅಂದ. ಬರುವುದಿಲ್ಲ ಅಂತ ಅಣ್ಣ ಮಾತು ಕೊಟ್ಟ. ಕೋಚ್‌ಗೆ ಆ ಮಾತೂ ಸಾಲದೆ, ಮುಗಿಯುವವರೆಗೂ ಇಲ್ಲೇ ಇರುತ್ತೇನೆ ಅಂತ ಸ್ಟೂಲ್ ಎಳೆದುಕೊಂಡು ಕೂತ.

ತಮ್ಮನಿಗೆ ತಡೆಯಲಾಗಲಿಲ್ಲ. “ಸಾರ್, ಇದನ್ನ ವಾಪಸ್ ತಗೊಂಡು ಹೋಗಿ. ಅಣ್ಣನ ಭುಜ ಹೋಗಿದೆ. ಒಳಗಿಂದು ಅವನ ಕೈಗೆ ತಿಳಿಯಲ್ಲ. ಆವತ್ತು ಹಾಳು ಮಾಡಿದ್ದೂ ಅವನೇ.”

ಕೋಚ್ ಅಣ್ಣನ ಮುಖ ನೋಡಿದ. ಅಣ್ಣ ತಲೆ ಎತ್ತದೆ ಸೀಸಕ್ಕೆ ಎಣ್ಣೆ ಸವರುತ್ತಿದ್ದ.

“ಮಾಡೋದನ್ನ ಮಾಡಿ ಅಣ್ಣನ ತಲೆಗೆ ಕಟ್ತೀಯೇನೋ?” ಅಂದ ಕೋಚ್. “ನಿನಗೆ ಅನ್ನ ಹಾಕಿದ ಕೈ ಕಣೋ ಅದು. ನಡಿ ಆಚೆ.”

ತಮ್ಮ ಹೊಸ್ತಿಲು ದಾಟಿ ನಿಂತ. ಅಣ್ಣ ಎಳೆಯತೊಡಗಿದ. ಕೋಚ್ ಕಾಲ ಮೇಲೆ ಕಾಲು ಹಾಕಿ, ಆಹಾ, ಕೆಲಸ ಅಂದರೆ ಇದು ಅಂದ. ಸರಳು ಸರಾಗವಾಗಿ ಓಡಾಡುತ್ತಿದ್ದುದು ಹೊರಗೆ ನಿಂತವನಿಗೂ ಕಾಣುತ್ತಿತ್ತು. ಕೈ ಎತ್ತುವ ಹೊತ್ತು ಬಂತು, ಹೋಯಿತು. ಅಣ್ಣ ಎಳೆಯುತ್ತಲೇ ಇದ್ದ.