ರೇವಣಸಿದ್ದಪ್ಪನ ಬಾಯ್ಲರು

ನಾನು ಒಂದು ಬಾಯ್ಲರು. ದಾವಣಗೆರೆಯಲ್ಲಿ ಕೂತು ನಾನೊಂದು ಸೀಟಿ ಹೊಡೆದರೆ ಅತ್ತ ಚಿತ್ರದುರ್ಗದ ಕೋಟೆ ಒಂದು ಗೇಣು ಹಿಂದೆ ಸರಿಯುತ್ತಿತ್ತು. ಕೆಲವರು ನನ್ನನ್ನು ಕುಕ್ಕರ್ ಎನ್ನುತ್ತಾರೆ. ಅದು ಹೊಟ್ಟೆಕಿಚ್ಚಿನ ಮಾತು, ಕಿವಿಗೆ ಹಾಕಿಕೊಳ್ಳಬೇಡಿ.

ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ತಗಡನ್ನು ಒಂದೇ ಏಟಿಗೆ ಒತ್ತಿ ನನ್ನನ್ನು ತೆಗೆದರು. ಇಂಥದ್ದನ್ನು ಇನ್ನೊಮ್ಮೆ ಮಾಡಲಾರೆನೆಂದು ಆ ಯಂತ್ರ ಅವತ್ತೇ ಕೆಟ್ಟು ನಿಂತಿತು. ಕೊಟ್ರಮ್ಮನ ಮದುವೆಗೆ ಅವಳ ಅಣ್ಣ ನನ್ನನ್ನು ಉಡುಗೊರೆ ಕೊಟ್ಟ. ಹದಿನೈದು ವರ್ಷ ಅವಳ ಕೈಯಲ್ಲಿದ್ದೆ. ಅವಳ ಗಂಡ ರೇವಣಸಿದ್ದಪ್ಪ ಆಗ ನೂಲಿನ ಮಿಲ್ಲಿನಲ್ಲಿ ಬಾಯ್ಲರ್ ಅಟೆಂಡೆಂಟ್. ನನ್ನತ್ತ ತಿರುಗಿಯೂ ನೋಡುತ್ತಿರಲಿಲ್ಲ.

ಮಿಲ್ಲು ಮುಚ್ಚಿತು. ಎರಡು ವರ್ಷ ಅವನು ಸರ್ಟಿಫಿಕೇಟಿನ ಕವರ್ ಹಿಡಿದು ಅಕ್ಕಿ ಗಿರಣಿ, ಆಸ್ಪತ್ರೆಯ ಲಾಂಡ್ರಿ ಎಲ್ಲಾ ಅಲೆದ. "ಈಗೆಲ್ಲ ಬಟನ್ ಒತ್ತೋ ಬಾಯ್ಲರು ಯಜಮಾನ್ರೇ, ಈ ವಯಸ್ಸಲ್ಲಿ ನಿಮಗ್ಯಾಕೆ" ಎಂದರು. ವಯಸ್ಸು ನಲವತ್ತಾರು. ಮೂರನೇ ವರ್ಷ ಕವರನ್ನು ಟ್ರಂಕಿಗೆ ಹಾಕಿದ, ಹುಡುಕುವುದನ್ನು ಬಿಟ್ಟ. ಕೊಟ್ರಮ್ಮ ಗಾರ್ಮೆಂಟ್ಸಿಗೆ ಸೇರಿದಳು. ಅಡುಗೆಮನೆಯ ಚಾರ್ಜು ಅವನಿಗೆ ಬಂತು.

ಮೊದಲ ದಿನವೇ ಮಿಲ್ಲಿನ ಖಾಕಿ ಅಂಗಿ ತೊಟ್ಟು, ನನ್ನ ವಾಲ್ವ್ ಊದಿ, ಗ್ಯಾಸ್ಕೆಟ್ಟಿನ ಮೇಲೆ ಬೆರಳಾಡಿಸಿ, ಗೋಡೆಗೊಂದು ಲಾಗ್ ಪುಸ್ತಕ ನೇತುಹಾಕಿದ. 'ಬೆಳಿಗ್ಗೆ ಆರು ಹತ್ತು. ತೊಗರಿಬೇಳೆ. ಮೂರು ಸೀಟಿ. ವಾಲ್ವ್ ಸರಿ.' ಸಾಲಿನ ಕೊನೆಗೆ 'ಶಿಫ್ಟ್ ಇನ್‌ಚಾರ್ಜ್ ಸಹಿ' ಎಂದೊಂದು ಕಾಲಂ. ಮಿಲ್ಲಿನಲ್ಲಿ ಆ ಸಹಿ ಬೀಳದೆ ಡ್ಯೂಟಿ ಮುಗಿಯುತ್ತಿರಲಿಲ್ಲವಂತೆ. ಇಲ್ಲಿ ಅದು ದಿನಾ ಖಾಲಿ.

ಎದುರುಮನೆ ಹಾಲೇಶಪ್ಪ ಕಟ್ಟೆ ಮೇಲಿಂದ ಕೆಣಕುತ್ತಿದ್ದ: "ಏನ್ ರೇವಣ್ಣ, ಇವತ್ತು ಎಷ್ಟು ಟನ್ ಹಬೆ?"

"ನಿನ್ನ ಬಾಯಿಂದ ಬರೋದಕ್ಕಿಂತ ಕಮ್ಮಿ ಕಣಪ್ಪಾ!"

ರೇವಣಸಿದ್ದಪ್ಪ ನಗುತ್ತಲೇ ಒಳಗೆ ಬಂದು ಆ ಖಾಲಿ ಕಾಲಂ ನೋಡುತ್ತಾ ನಿಲ್ಲುತ್ತಿದ್ದ.

ಒಂದು ಬೆಳಿಗ್ಗೆ, ಯಾರಿಗೆ ಕೆಲಸವಿದೆ ಯಾರಿಗಿಲ್ಲ ಎಂದು ಲೆಕ್ಕ ಹಾಕುವ ಸರ್ಕಾರದ ಸರ್ವೆಯವಳು ಟ್ಯಾಬ್ ಹಿಡಿದು ಬಂದಳು. ನಾನು ಒಲೆಯ ಮೇಲಿದ್ದೆ.

"ಹೋದ ವಾರ ಸಂಬಳದ ಕೆಲಸ ಏನಾದ್ರೂ ಮಾಡಿದ್ರಾ ಸರ್? ಒಂದು ಗಂಟೆ ಆದ್ರೂ ಸಾಕು."

"ಇಲ್ಲಮ್ಮ."

"ಹುಡುಕಿದ್ರಾ?"

"ಇಲ್ಲ."

"ಮತ್ತೆ ದಿನಾ ಏನು ಮಾಡ್ತೀರಿ?"

ಅವನು ಲಾಗ್ ಪುಸ್ತಕ ತಂದು ಮುಂದಿಟ್ಟ. ಅವಳು ಎರಡು ಪುಟ ಓದಿದಳು. "ಚೆನ್ನಾಗಿ ಬರೆದಿದ್ದೀರಿ ಸರ್. ಆದ್ರೆ ಇದಕ್ಕೆ ನಮ್ಮಲ್ಲಿ ಕಾಲಂ ಇಲ್ವಲ್ಲ."

ಆಗ ಹೊಡೆದೆ ನೋಡಿ ಸೀಟಿ! ಟ್ಯಾಬ್ ಗಡಗಡ ನಡುಗಿತು. ಅವಳ ಬೆರಳು ತಾನಾಗಿ ಜಾರಿ 'ಬಾಯ್ಲರ್ ಅಟೆಂಡೆಂಟ್, ಡ್ಯೂಟಿಯಲ್ಲಿದ್ದಾರೆ' ಎಂದು ಒತ್ತಿತು. ಹಾಲೇಶಪ್ಪ ಕಟ್ಟೆಯಿಂದ ಉರುಳಿದ.

ಹೀಗೆಂದು ಈ ಗುಜರಿ ಅಂಗಡಿಯ ಮುರುಕು ಫ್ಯಾನು, ಇಸ್ತ್ರಿಪೆಟ್ಟಿಗೆಗಳಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಇವತ್ತು ಅಂಗಡಿಯ ದಾದಾಪೀರ್ ನನ್ನನ್ನು ಎತ್ತಿ, ಬುಡ ತಿರುಗಿಸಿ, ಎಲ್ಲರೆದುರು ಜೋರಾಗಿ ಓದಿಬಿಟ್ಟ: "ಮೂರು ಲೀಟರ್." ಒಳಗೆ ಇಣುಕಿದ. "ಅರೇ, ಸೀದು ಕರ್ರಗಾಗೈತಲ್ಲೋ! ಸೀಟಿ ಹೊಡೀದೇ ಕೂತಿತ್ತೇನು ಇದು?"

ಸಿಕ್ಕಿಬಿದ್ದೆ. ಇನ್ನು ನಿಜ ಹೇಳುತ್ತೇನೆ.

ಅವತ್ತು ನಾನು ಸೀಟಿ ಹೊಡೆಯಲಿಲ್ಲ. ನನ್ನ ಗ್ಯಾಸ್ಕೆಟ್ ಬಿರುಕು ಬಿಟ್ಟಿತ್ತು. ಬೆಳಿಗ್ಗೆ ಅವನು ಬೆರಳಾಡಿಸಿದಾಗ ಅದನ್ನು ಮುಚ್ಚಿಟ್ಟುಕೊಂಡೆ. ನನಗೂ ವಯಸ್ಸಾಯಿತೆಂದು ಗೊತ್ತಾದರೆ ಮೂಲೆಗೆ ಹಾಕುತ್ತಾರಲ್ಲ! ಹಬೆಯೆಲ್ಲ ಪಕ್ಕದಿಂದ ಸೋರಿ, ನೀರು ಆರಿ, ಬೇಳೆ ಸೀದುಹೋಯಿತು. ಸರ್ವೆಯವಳು 'ಕೆಲಸದಲ್ಲಿಲ್ಲ, ಹುಡುಕುತ್ತಲೂ ಇಲ್ಲ' ಎಂದು ಒತ್ತಿಕೊಂಡು ಹೋದಳು. ರೇವಣಸಿದ್ದಪ್ಪ ನನ್ನನ್ನು ಇಳಿಸಿ, ಪುಸ್ತಕದಲ್ಲಿ ಬರೆದ: 'ಬೇಳೆ ಸೀದಿದೆ. ತಪ್ಪು ಅಟೆಂಡೆಂಟನದು.' ಖಾಕಿ ಅಂಗಿ ಬಿಚ್ಚಿ ಮೊಳೆಗೆ ಹಾಕಿದ.

ಸಂಜೆ ಕೊಟ್ರಮ್ಮ ಬಂದವಳೇ ಮೂಗು ಅರಳಿಸಿದಳು. "ಏನ್ರೀ ಇದು ಸೀದ ವಾಸನೆ?"

ಅವನು ಪುಸ್ತಕ ತೋರಿಸಿದ. ಅವಳು ಓದಿದಳು. ಹಿಂದಿನ ಪುಟಗಳನ್ನೂ ಮಗುಚಿ ನೋಡಿದಳು.

"ಪೆನ್ನು ಕೊಡ್ರಿ."

ಸೀದ ಬೇಳೆಯ ಸಾಲಿನ ಕೊನೆಗೆ, ಆ ಖಾಲಿ ಕಾಲಮ್ಮಿನಲ್ಲಿ, ದೊಡ್ಡ ಅಕ್ಷರದಲ್ಲಿ 'ಕೊಟ್ರಮ್ಮ' ಎಂದು ಸಹಿ ಹಾಕಿದಳು. ಆಮೇಲೆ ಮೊಳೆಯತ್ತ ನೋಡಿ, "ಅಂಗಿ ಯಾಕೆ ಬಿಚ್ಚಿದ್ರಿ? ರಾತ್ರಿಗೆ ಅನ್ನ ಆಗಬೇಕಲ್ಲ," ಎಂದಳು.

ಅವನು ಅಂಗಿ ತೊಟ್ಟು, ಬೇರೆ ಪಾತ್ರೆಯಲ್ಲಿ ಅನ್ನಕ್ಕಿಟ್ಟ. ಆಮೇಲೆ ನಾನು ಈ ಗುಜರಿಗೆ ಬಂದೆ.

ಆ ಸಾಲು ಇನ್ನೂ ಆ ಪುಸ್ತಕದಲ್ಲಿದೆ, ಅವಳ ಸಹಿಯೊಂದಿಗೆ. ಅದರಲ್ಲಿ ಒಂದೇ ಒಂದು ಸುಳ್ಳಿದೆ. ತಪ್ಪು ಅಟೆಂಡೆಂಟನದಲ್ಲ, ನನ್ನದು.